ಎರಡು ಮದ್ದಿನ ಜೊತೆ ಇನ್ನೊಂದು ಸೇರಿಸಿದ್ರೆ?

ಹೊರದೇಶದಲ್ಲಿರೋ ನಮ್ಮಂಥವರಿಗೆ ಊರಿಂದ ಬರೋ ಫೋನುಗಳಲ್ಲಿ ಒಂದು ಜಾತಿ ಇದೆ, ನಿಮಗೂ ಗೊತ್ತಿರುತ್ತೆ. ಮಳೆ ಆಯ್ತಾ, ಮಕ್ಕಳ ಪರೀಕ್ಷೆ ಹೇಗಾಯ್ತು, ಅಲ್ಲೀಗ ಟೈಮ್ ಎಷ್ಟು ಎಲ್ಲಾ ಮುಗಿದ ಮೇಲೆ ಆ ಕಡೆಯ ದನಿ ಸ್ವಲ್ಪ ಇಳಿಯುತ್ತೆ. "ಅಲ್ಲಾ ಕಣೋ, ಅಮೆರಿಕಾದಲ್ಲಿ ಇದಕ್ಕೆ ಏನೋ ಹೊಸ ಇಂಜೆಕ್ಷನ್ ಬಂದಿದೆಯಂತಲ್ಲ, ಸ್ವಲ್ಪ ವಿಚಾರಿಸ್ತೀಯಾ?" ಇದು ಅಂದ್ರೆ ಕ್ಯಾನ್ಸರ್. ಆ ಹೆಸರನ್ನ ಫೋನಲ್ಲಿ ಯಾರೂ ಹೇಳೋದಿಲ್ಲ.

ನನಗೆ ಇಂಥ ಫೋನುಗಳು ಸ್ವಲ್ಪ ಜಾಸ್ತಿಯೇ ಬರುತ್ತವೆ, ಯಾಕಂದ್ರೆ ಹೊಟ್ಟೆಪಾಡಿಗೆ ನಾನು ಮಾಡೋದು ಕ್ಲಿನಿಕಲ್ ಟ್ರಯಲ್‌ಗಳ ಅಂಕಿ-ಅಂಶ ಜೋಡಿಸೋ ಕೆಲಸ. ನಾನು ಡಾಕ್ಟರ್ ಅಲ್ಲ (ಇದನ್ನ ನನ್ನ ಅತ್ತೆ ಮನೆಯವರಿಗೆ ಇನ್ನೂ ಒಪ್ಪಿಸೋಕಾಗಿಲ್ಲ), ಹಾಗಾಗಿ ಇಲ್ಲಿ ಬರೆಯೋದನ್ನ ಔಷಧಿ ಚೀಟಿ ಅಂದ್ಕೋಬೇಡಿ. ನನ್ನ ಮುಂದೆ ಬರೋದು ರೋಗಿಗಳಲ್ಲ, ಸಾಲುಗಳು. ಒಬ್ಬ ಹೆಂಗಸು ಅಂದ್ರೆ ಒಂದು ನಂಬರು, ಒಂದು ವಯಸ್ಸು, ಒಂದಷ್ಟು ತಾರೀಖುಗಳು. ಕೊನೇ ಕಾಲಂನಲ್ಲಿ ಇನ್ನೊಂದು ತಾರೀಖು ಇರುತ್ತೆ, ಅಥವಾ ಖಾಲಿ ಇರುತ್ತೆ. ಖಾಲಿ ಇದ್ರೆ ಆಕೆ ಇನ್ನೂ ಬದುಕಿದ್ದಾರೆ ಅಂತ ಅರ್ಥ. ಇಷ್ಟು ವರ್ಷದಲ್ಲಿ ಅಂಡಾಶಯದ ಕ್ಯಾನ್ಸರಿನ ಟ್ರಯಲ್‌ಗಳನ್ನ ನೋಡಿ ನೋಡಿ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. "ಹೊಸದು ಬಂದಿದೆಯಂತಲ್ಲ" ಅನ್ನೋ ಪ್ರಶ್ನೆಗಿಂತ "ಯಾರ ಮೇಲೆ ನೋಡಿದ್ರು, ಎಷ್ಟು ತಿಂಗಳು ಸಿಕ್ತು, ಆ ತಿಂಗಳು ಹೇಗಿತ್ತು" ಅನ್ನೋದು ನೂರು ಪಾಲು ಮುಖ್ಯವಾದ ಪ್ರಶ್ನೆ. ಅದನ್ನ ನಮ್ಮೋರು ಯಾರೂ ಕೇಳೋದಿಲ್ಲ ಅನ್ನೋದೇ ನನ್ನ ತಕರಾರು.

ಮೊದಲು ಕಾಯಿಲೆ ಬಗ್ಗೆ ಎರಡು ಮಾತು. 2022ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಆ ವರ್ಷ ಸುಮಾರು 3 ಲಕ್ಷ 24 ಸಾವಿರ ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯ್ತು, ಸುಮಾರು 2 ಲಕ್ಷ 7 ಸಾವಿರ ಮಂದಿ ತೀರಿಕೊಂಡರು. ಭಾರತದಲ್ಲಿ ಹೊಸ ರೋಗಿಗಳು ಸುಮಾರು 47 ಸಾವಿರ. ಇಷ್ಟು ಜನ ಸಾಯೋದಕ್ಕೆ ಮುಖ್ಯ ಕಾರಣ ಇದು ಗೊತ್ತಾಗೋ ಹೊತ್ತಿಗೆ ಹೊಟ್ಟೆಯೆಲ್ಲಾ ಹರಡಿರುತ್ತೆ, ಮೂರನೇ ಅಥವಾ ನಾಲ್ಕನೇ ಹಂತ. ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ಪದೇ ಪದೇ ಮೂತ್ರ... ನಮ್ಮ ಕಡೆ ಇದಕ್ಕೆಲ್ಲಾ ಒಂದೇ ಹೆಸರು: ಗ್ಯಾಸ್ಟ್ರಿಕ್ಕು. ಜೆಲುಸಿಲ್ ಕುಡಿದು, ಓಮದ ಕಷಾಯ ಕುಡಿದು, ಸೀರೆ ಗಂಟು ಸ್ವಲ್ಪ ಸಡಿಲ ಮಾಡ್ಕೊಂಡು ಆರು ತಿಂಗಳು ಕಳೆದಿರುತ್ತೆ. ಹಾಗಂತ ನಮ್ಮ ಹೆಂಗಸರನ್ನ ಬೈಯೋ ಹಾಗೂ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನ ಸೇರಿಸಿಕೊಂಡು, ಸಿಎ-125 ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್‌ನಿಂದ ಮೊದಲೇ ಪತ್ತೆ ಹಚ್ಚಿದ್ರೆ ಸಾವು ಕಡಿಮೆ ಆಗುತ್ತಾ ಅಂತ ವರ್ಷಗಟ್ಟಲೆ ನೋಡಿದರು. 2021ರಲ್ಲಿ ಬಂದ ಉತ್ತರ: ಇಲ್ಲ. ಅಂದ್ರೆ ಮೊದಲೇ ಹಿಡಿಯೋ ದಾರಿ ಸದ್ಯಕ್ಕೆ ಇಲ್ಲ, ಹರಡಿದ ಮೇಲೆ ಏನು ಮಾಡಬಹುದು ಅನ್ನೋದೇ ಉಳಿಯೋದು. ಆಪರೇಷನ್ ಮಾಡಿ ಕಣ್ಣಿಗೆ ಕಂಡಿದ್ದನ್ನೆಲ್ಲಾ ತೆಗೆಯೋದು, ಮುಂಚೆಯೋ ಆಮೇಲೋ ಎರಡೂ ಹೊತ್ತೋ ಕೀಮೋ ಕೊಡೋದು.

ಆ ಕೀಮೋ ಅಂದ್ರೆ ಎರಡು ಮದ್ದು. ಎರಡರ ಕಥೆಯೂ ಮಜವಾಗಿದೆ. ಮೊದಲನೆಯದು ಪ್ಲಾಟಿನಂ. 1960ರ ದಶಕದಲ್ಲಿ ಮಿಶಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಅನ್ನೋ ವಿಜ್ಞಾನಿ ಬ್ಯಾಕ್ಟೀರಿಯಾಗಳಿಗೆ ಕರೆಂಟು ಹಾಯಿಸಿ ಏನಾಗುತ್ತೆ ಅಂತ ನೋಡ್ತಿದ್ದರು. ಬ್ಯಾಕ್ಟೀರಿಯಾಗಳು ಉದ್ದುದ್ದ ಬೆಳೆದವೇ ಹೊರತು ಎರಡಾಗಿ ಒಡೆಯಲಿಲ್ಲ. ಕಾರಣ ಕರೆಂಟಲ್ಲ, ಪ್ಲಾಟಿನಂ ತಂತಿಯಿಂದ ಬಿಟ್ಟ ರಾಸಾಯನಿಕ. ಒಡೆಯೋದನ್ನ ನಿಲ್ಲಿಸೋ ವಸ್ತು ಕ್ಯಾನ್ಸರಿಗೂ ಆಗಬೇಕಲ್ಲ! 1978ರಲ್ಲಿ ಸಿಸ್‌ಪ್ಲಾಟಿನ್ ಮದ್ದಾಗಿ ಬಂತು, 1989ರಲ್ಲಿ ಅದರ ಸ್ವಲ್ಪ ಸೌಮ್ಯ ತಂಗಿ ಕಾರ್ಬೋಪ್ಲಾಟಿನ್. ಎರಡನೆಯದು ಟ್ಯಾಕ್ಸಾಲ್, ಅಂದ್ರೆ ಪಾಕ್ಲಿಟಾಕ್ಸೆಲ್. ಅಮೆರಿಕಾದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯಿಂದ ಇದನ್ನ ಬೇರ್ಪಡಿಸಿ, 1971ರಲ್ಲಿ ಇದರ ರಚನೆ ಬಿಡಿಸಿದವರು ನಾರ್ತ್ ಕ್ಯಾರೊಲಿನಾದ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ. ವಾಣಿ ಅವರು ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿದವರು, 2020ರಲ್ಲಿ ತೀರಿಕೊಂಡರು. ಇಲ್ಲಿರೋ ಭಾರತೀಯರ ಸಾಧನೆ ಅಂತ ಸಾಫ್ಟ್‌ವೇರ್ ಕಂಪನಿಗಳ ಸಿಇಒಗಳ ಪಟ್ಟಿ ವಾಟ್ಸಾಪ್‌ನಲ್ಲಿ ತಿರುಗುತ್ತಿರುತ್ತಲ್ಲ, ಅದರಲ್ಲಿ ಈ ಹೆಸರು ನಾನು ಒಂದು ಸಲವೂ ನೋಡಿಲ್ಲ.

1996ರಲ್ಲಿ ಬಂದ ಒಂದು ಟ್ರಯಲ್ ಈ ಎರಡನ್ನೂ ಜೋಡಿ ಮಾಡಿತು. ಹಳೇ ಜೋಡಿ ಸಿಸ್‌ಪ್ಲಾಟಿನ್ ಮತ್ತು ಸೈಕ್ಲೋಫಾಸ್ಫಮೈಡ್. ಹೊಸ ಜೋಡಿ ಸಿಸ್‌ಪ್ಲಾಟಿನ್ ಮತ್ತು ಟ್ಯಾಕ್ಸಾಲ್. ಹಳೇದರಲ್ಲಿ ಅರ್ಧದಷ್ಟು ಹೆಂಗಸರು 24 ತಿಂಗಳು ದಾಟಿ ಬದುಕಿದ್ದರೆ ಹೊಸದರಲ್ಲಿ 38 ತಿಂಗಳು. ಹದಿನಾಲ್ಕು ತಿಂಗಳ ಲಾಭ! ಕ್ಯಾನ್ಸರ್ ಟ್ರಯಲ್‌ಗಳಲ್ಲಿ ಇಂಥ ವ್ಯತ್ಯಾಸ ಕಾಣೋದೇ ಅಪರೂಪ. ಆಮೇಲೆ ಸಿಸ್‌ಪ್ಲಾಟಿನ್ ಜಾಗಕ್ಕೆ ಕಾರ್ಬೋಪ್ಲಾಟಿನ್ ಬಂತು, ವಾಂತಿ ಮತ್ತು ಕಿಡ್ನಿ ತೊಂದರೆ ಕಡಿಮೆ ಆಯ್ತು. ಇವತ್ತು ಬೆಂಗಳೂರಿನ ಕಿದ್ವಾಯಿಗೆ ಹೋದರೂ, ಹ್ಯೂಸ್ಟನ್‌ಗೆ ಹೋದರೂ, ಮೊದಲ ಸಾಲಿನ ಕೀಮೋ ಈ ಎರಡೇ. ಇದನ್ನ ಊರಿಂದ ಫೋನ್ ಮಾಡೋರಿಗೆ ಹೇಳಿದ್ರೆ ಅವರಿಗೆ ನಿರಾಸೆ. "ಅದನ್ನೇ ಇಲ್ಲೂ ಕೊಡ್ತಿದಾರಪ್ಪ" ಅಂತಾರೆ, ಏನೋ ಮುಚ್ಚಿಡ್ತಿದೀನಿ ಅನ್ನೋ ಹಾಗೆ.

ಸರಿ, ಎರಡು ಸೇರಿಸಿದಾಗ ಇಷ್ಟು ಲಾಭ ಆಯ್ತು. ಮೂರನೇದು ಸೇರಿಸಿದ್ರೆ? ಯಾರಿಗಾದ್ರೂ ಹೊಳೆಯೋ ಯೋಚನೆ. ಆ ಹೊತ್ತಿಗೆ ಮೂರು ಮದ್ದುಗಳು ತಯಾರಿದ್ದವು, ಜೆಮ್‌ಸೈಟಬಿನ್, ಟೋಪೋಟೆಕಾನ್, ಮತ್ತು ಕೊಬ್ಬಿನ ಗುಳ್ಳೆಯಲ್ಲಿಟ್ಟ ಡಾಕ್ಸೊರುಬಿಸಿನ್. ಮೂರೂ ಒಂಟಿಯಾಗಿ ಈ ಕ್ಯಾನ್ಸರಿನ ಮೇಲೆ ಸ್ವಲ್ಪ ಕೆಲಸ ಮಾಡ್ತವೆ ಅಂತ ಗೊತ್ತಿತ್ತು. ಸಣ್ಣ ಸಣ್ಣ ಟ್ರಯಲ್‌ಗಳಲ್ಲಿ ಫಲಿತಾಂಶ ಚೆನ್ನಾಗಿತ್ತು. ಸಮ್ಮೇಳನಗಳಲ್ಲಿ ಚಪ್ಪಾಳೆಯೂ ಬಿದ್ದಿತ್ತು. ಆಗ ಅಮೆರಿಕಾ, ಬ್ರಿಟನ್, ಇಟಲಿ, ಆಸ್ಟ್ರೇಲಿಯಾದ ಸಂಶೋಧಕರ ಗುಂಪುಗಳು ಸೇರಿ ಒಂದು ದೊಡ್ಡ ಟ್ರಯಲ್ ಮಾಡಿದವು. ಜಿಒಜಿ 182 ಅಂತ ಅದರ ಹೆಸರು. 2001ರಿಂದ 2004ರವರೆಗೆ 4,312 ಹೆಂಗಸರು ಸೇರಿದರು. ಐದು ಗುಂಪು. ಒಂದಕ್ಕೆ ಮಾಮೂಲಿ ಜೋಡಿ, ಉಳಿದ ನಾಲ್ಕಕ್ಕೆ ಈ ಹೊಸ ಮದ್ದುಗಳನ್ನ ಬೇರೆ ಬೇರೆ ರೀತಿಯಲ್ಲಿ ಸೇರಿಸಿದ್ದು.

2009ರಲ್ಲಿ ಫಲಿತಾಂಶ ಪ್ರಕಟ ಆಯ್ತು. ಐದು ಗುಂಪಿನ ಗೆರೆಗಳೂ ಒಂದರ ಮೇಲೊಂದು. ಒಂದು ದಾರ ಹಾಕಿದ ಹಾಗೆ! ಮೂರನೇ ಮದ್ದಿನಿಂದ ಬಂದ ಲಾಭ ಸೊನ್ನೆ, ಬಂದಿದ್ದು ಹೆಚ್ಚು ರಕ್ತಹೀನತೆ, ಹೆಚ್ಚು ಸುಸ್ತು.

ಈ ಟ್ರಯಲ್ ಬಗ್ಗೆ ಪೇಪರಲ್ಲಿ ನೀವು ಓದಿರೋಕೆ ಸಾಧ್ಯವಿಲ್ಲ. "ಹೊಸ ಮದ್ದಿನಿಂದ ಏನೂ ಆಗಲಿಲ್ಲ" ಅನ್ನೋದು ಯಾರಿಗೆ ಸುದ್ದಿ? ಆದ್ರೆ ನನ್ನ ಕೇಳಿದ್ರೆ ಈ ಕ್ಯಾನ್ಸರಿನ ಚರಿತ್ರೆಯಲ್ಲೇ ಅತ್ಯಂತ ಉಪಕಾರ ಮಾಡಿದ ಟ್ರಯಲ್‌ಗಳಲ್ಲಿ ಇದೂ ಒಂದು. ಇದು ಆಗದೇ ಹೋಗಿದ್ರೆ ಏನಾಗ್ತಿತ್ತು ಯೋಚನೆ ಮಾಡಿ. ಸಣ್ಣ ಟ್ರಯಲ್‌ಗಳನ್ನ ನಂಬಿಕೊಂಡು ಜಗತ್ತಿನ ಆಸ್ಪತ್ರೆಗಳು ಮೂರು ಮೂರು ಮದ್ದು ಏರಿಸ್ತಿದ್ದವು, ಮನೆಯವರು ಸಾಲ ಮಾಡಿ "ಡಬಲ್ ಸ್ಟ್ರಾಂಗ್" ಕೀಮೋಗೆ ದುಡ್ಡು ಕಟ್ತಿದ್ದರು, ಲಕ್ಷಾಂತರ ಹೆಂಗಸರು ಸುಮ್ಮಸುಮ್ಮನೆ ಇನ್ನಷ್ಟು ನರಳ್ತಿದ್ದರು, ಮತ್ತು ಎಲ್ಲರೂ ಅದನ್ನ ಒಳ್ಳೇ ಚಿಕಿತ್ಸೆ ಅಂತಲೇ ನಂಬಿರ್ತಿದ್ದರು. ಅದನ್ನ ತಪ್ಪಿಸಿದ್ದು ಆ 4,312 ಹೆಂಗಸರು. ಅವರಲ್ಲಿ ಬಹುಪಾಲು ಮಂದಿ ಇವತ್ತು ಇಲ್ಲ. ಅವರ ಟ್ರಯಲ್ ಸೋತಿತು ಅಂತ ನಮ್ಮ ಭಾಷೆಯಲ್ಲಿ ಹೇಳ್ತೀವಿ, ನೆಗೆಟಿವ್ ಟ್ರಯಲ್ ಅಂತ. ನನಗೆ ಆ ಪದ ಕಂಡ್ರೆ ಆಗೋದಿಲ್ಲ.

ಅದಾದ ಮೇಲೆ ಬಂದಿದ್ದು ಬೆವಾಸಿಜುಮಾಬ್. ಇದು ಕ್ಯಾನ್ಸರ್ ಕಣಗಳನ್ನ ನೇರವಾಗಿ ಕೊಲ್ಲೋದಿಲ್ಲ, ಗಡ್ಡೆಗೆ ರಕ್ತ ತರೋ ಹೊಸ ನಾಳಗಳು ಬೆಳೆಯದ ಹಾಗೆ ತಡೆಯುತ್ತೆ. 2011ರಲ್ಲಿ ಎರಡು ದೊಡ್ಡ ಟ್ರಯಲ್‌ಗಳ ಫಲಿತಾಂಶ ಒಟ್ಟಿಗೆ ಬಂತು. ಅಮೆರಿಕಾದ್ದರಲ್ಲಿ 1,873 ಹೆಂಗಸರು. ಬರೀ ಕೀಮೋ ಪಡೆದವರಲ್ಲಿ ಕಾಯಿಲೆ ಮತ್ತೆ ಬೆಳೆಯೋಕೆ ಶುರುವಾಗೋ ಹೊತ್ತಿಗೆ ನಡುಲೆಕ್ಕದಲ್ಲಿ 10.3 ತಿಂಗಳು, ಕೀಮೋ ಜೊತೆಗೂ ಆಮೇಲೂ ಬೆವಾಸಿಜುಮಾಬ್ ಪಡೆದವರಲ್ಲಿ 14.1 ತಿಂಗಳು. ಹೆಚ್ಚುಕಡಿಮೆ ನಾಲ್ಕು ತಿಂಗಳು ಜಾಸ್ತಿ. ಪೇಪರಿನಲ್ಲಿ ದೊಡ್ಡ ಅಕ್ಷರದ ಸುದ್ದಿ. ಆದ್ರೆ ಒಟ್ಟು ಎಷ್ಟು ದಿನ ಬದುಕಿದರು ಅಂತ ನೋಡಿದ್ರೆ ಎರಡೂ ಗುಂಪು ಸಮ.

ಇಲ್ಲಿ ಸ್ವಲ್ಪ ನಿಲ್ಲಿ, ಯಾಕಂದ್ರೆ ಎಲ್ಲಾ ಗೊಂದಲ ಇರೋದೇ ಇಲ್ಲಿ. ಟ್ರಯಲ್‌ಗಳು ಎರಡು ಗಡಿಯಾರ ಇಟ್ಟಿರುತ್ತವೆ. ಒಂದು, ಸ್ಕ್ಯಾನಿನಲ್ಲಿ ಕಾಯಿಲೆ ಮತ್ತೆ ಬೆಳೆದಿದ್ದು ಕಾಣೋವರೆಗೆ (ಅಥವಾ ಅಷ್ಟರೊಳಗೆ ಸಾವು ಬರೋವರೆಗೆ) ಓಡೋದು. ಇನ್ನೊಂದು, ಜೀವ ಹೋಗೋವರೆಗೆ ಓಡೋದು. ಮೊದಲನೇ ಗಡಿಯಾರ ಬೇಗ ನಿಲ್ಲುತ್ತೆ, ಹಾಗಾಗಿ ಉತ್ತರ ಬೇಗ ಸಿಗುತ್ತೆ, ಕಂಪನಿಗೆ ಲೈಸೆನ್ಸ್ ಬೇಗ ಸಿಗುತ್ತೆ. ಅದು ಸುಳ್ಳು ಗಡಿಯಾರ ಅಂತ ನಾನು ಹೇಳ್ತಿಲ್ಲ. ಕಾಯಿಲೆ ಬೆಳೆಯದೇ ಇರೋ ನಾಲ್ಕು ತಿಂಗಳಲ್ಲಿ ಮೊಮ್ಮಗನ ನಾಮಕರಣ ಆಗಬಹುದು, ಹೊಟ್ಟೆಯಲ್ಲಿ ನೀರು ತುಂಬಿ ಅದನ್ನ ಸೂಜಿ ಚುಚ್ಚಿ ತೆಗೆಸೋ ಹಿಂಸೆ ಮುಂದಕ್ಕೆ ಹೋಗಬಹುದು. ಆದ್ರೆ ಆ ನಾಲ್ಕು ತಿಂಗಳಿಗಾಗಿ ಮೂರು ವಾರಕ್ಕೊಂದು ಸಲ ಡ್ರಿಪ್ ಹಾಕಿಸಿಕೊಂಡಿದ್ದು ಸುಮಾರು ಹದಿನೈದು ತಿಂಗಳು, ಬಿಪಿ ಏರಿದ್ದು, ಅಪರೂಪಕ್ಕೆ ಕರುಳು ತೂತಾಗೋದು, ಇದನ್ನೂ ಪಕ್ಕದಲ್ಲಿಟ್ಟು ತೂಗಬೇಕು ತಾನೇ? "ಕ್ಯಾನ್ಸರ್ ಬೆಳೆಯದ ಹಾಗೆ ನಾಲ್ಕು ತಿಂಗಳು" ಅನ್ನೋದನ್ನ ಮನೆಯವರು "ಆಯಸ್ಸು ನಾಲ್ಕು ತಿಂಗಳು ಜಾಸ್ತಿ" ಅಂತ ಕೇಳಿಸಿಕೊಳ್ತಾರೆ. ಯಾರೂ ತಿದ್ದೋದಿಲ್ಲ.

ನ್ಯಾಯವಾಗಿ ಹೇಳಬೇಕು ಅಂದ್ರೆ, ಇನ್ನೊಂದು ಟ್ರಯಲ್‌ನಲ್ಲಿ, ಬ್ರಿಟನ್ ಮುಂದಾಳತ್ವದ್ದು, ಆಪರೇಷನ್ ಆದ ಮೇಲೂ ಗಡ್ಡೆ ಹೆಚ್ಚು ಉಳಿದಿದ್ದ, ಅಪಾಯ ಹೆಚ್ಚಿದ್ದ ಹೆಂಗಸರಿಗೆ ಆಯಸ್ಸಿನಲ್ಲೂ ಕೆಲವು ತಿಂಗಳು ಲಾಭ ಕಂಡಿತು. ಉಳಿದವರಿಗೆ ಇಲ್ಲ. 2018ರಲ್ಲಿ ಅಮೆರಿಕಾದ ಎಫ್‌ಡಿಎ ಇದನ್ನ ಮೊದಲ ಸಾಲಿಗೂ ಒಪ್ಪಿತು. ಇದರ ಬಯೋಸಿಮಿಲರ್‌ಗಳು ನಮ್ಮ ದೇಶದಲ್ಲೇ ತಯಾರಾಗುತ್ತವೆ, ಬೆಲೆ ಇಳಿದಿದೆ. ಇಳಿದಿರೋದ್ರಿಂದಲೇ ಎಲ್ಲರಿಗೂ ಬರೆಯೋದು ಸುಲಭ ಆಗಿದೆ. ಯಾರಿಗೆ ಬೇಕು ಅನ್ನೋ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ನಿಜವಾಗಿ ಆಟ ಬದಲಾಗಿದ್ದು ಎಲ್ಲರಿಗೂ ಇನ್ನೊಂದು ಮದ್ದು ಸುರಿಯೋದನ್ನ ಬಿಟ್ಟು, ಯಾರಿಗೆ ಅಂತ ಕೇಳಿದಾಗ. ಬಿಆರ್‌ಸಿಎ ಅನ್ನೋ ಜೀನ್‌ಗಳ ಹೆಸರು 2013ರಲ್ಲಿ ಆಂಜಲೀನಾ ಜೋಲಿಯಿಂದಾಗಿ ಮನೆಮಾತಾಯ್ತಲ್ಲ, ಅದೇ. ನಮ್ಮ ಜೀವಕೋಶದಲ್ಲಿ ಡಿಎನ್‌ಎ ಹರಿದರೆ ಹೊಲಿಯೋಕೆ ಹಲವು ವ್ಯವಸ್ಥೆಗಳಿವೆ. ಎರಡು ಸೇತುವೆ ಇರೋ ಒಂದು ಊರು ಅಂದ್ಕೊಳ್ಳಿ. ಬಿಆರ್‌ಸಿಎ ಕೆಟ್ಟ ಗಡ್ಡೆಯಲ್ಲಿ ಒಂದು ಸೇತುವೆ ಮೊದಲೇ ಮುರಿದಿದೆ. ಓಲಾಪರಿಬ್ ಥರದ ಮಾತ್ರೆಗಳು ಇನ್ನೊಂದನ್ನೂ ಮುಚ್ಚುತ್ತವೆ. ಊರು ಉಪವಾಸ ಬೀಳುತ್ತೆ. ಎರಡೂ ಸೇತುವೆ ಸರಿಯಿರೋ ಮಾಮೂಲಿ ಕೋಶಕ್ಕೆ ಅಷ್ಟು ಪೆಟ್ಟಾಗೋದಿಲ್ಲ. ಇದನ್ನ ಕೀಮೋ ಜೊತೆಜೊತೆಗೇ ಕೊಡೋಕೆ ಹೋದಾಗ ರಕ್ತಕಣಗಳು ಕುಸಿದು ಡೋಸ್ ಇಳಿಸಬೇಕಾಯ್ತು. ಆದ್ರೆ ಕೀಮೋ ಮುಗಿದ ಮೇಲೆ, ಬಿಆರ್‌ಸಿಎ ಕೆಟ್ಟಿರೋರಿಗೆ ಮಾತ್ರ, ಎರಡು ವರ್ಷ ಮಾತ್ರೆ ಕೊಟ್ಟು ನೋಡಿದ್ದು ಸೋಲೋ-1 ಅನ್ನೋ ಟ್ರಯಲ್. 391 ಹೆಂಗಸರು. ಮೊದಲ ಫಲಿತಾಂಶ 2018ರಲ್ಲಿ. ಏಳು ವರ್ಷದ ನಂತರ ನೋಡಿದಾಗ ಮಾತ್ರೆ ತಗೊಂಡವರಲ್ಲಿ 67%, ಹುಸಿಮಾತ್ರೆ ತಗೊಂಡವರಲ್ಲಿ 46.5% ಬದುಕಿದ್ದರು. ಮೂರನೇ-ನಾಲ್ಕನೇ ಹಂತದ ಕಾಯಿಲೆಯಲ್ಲಿ ಏಳು ವರ್ಷ! ನನ್ನ ಥರದ ಕೆಲಸದವರು ಇಂಥ ಗ್ರಾಫ್ ನೋಡಿದ್ರೆ ಎದ್ದು ಒಂದು ಕಾಫಿ ಕುಡಿದು ಬಂದು ಮತ್ತೆ ನೋಡ್ತಾರೆ.

ಇಲ್ಲಿಗೆ ಕಥೆ ಮುಗಿಸಿದ್ರೆ ಚೆನ್ನಾಗಿರ್ತಿತ್ತು. ಆದ್ರೆ ಇದೇ ಜಾತಿಯ ಮಾತ್ರೆಗಳನ್ನ, ಕಾಯಿಲೆ ಎರಡು-ಮೂರು ಸಲ ಮರಳಿ ಬಂದ ಹೆಂಗಸರಿಗೆ ಕೀಮೋ ಬದಲು ಕೊಡಬಹುದು ಅಂತ ಸ್ಕ್ಯಾನ್ ಆಧಾರದ ಮೇಲೆ ಲೈಸೆನ್ಸ್ ಕೊಟ್ಟಿದ್ದರು. ಆಮೇಲೆ ಎರಡನೇ ಗಡಿಯಾರದ ಲೆಕ್ಕ ಬಂತು. ರುಕಾಪರಿಬ್‌ನ ಒಂದು ಟ್ರಯಲ್‌ನಲ್ಲಿ ಮಾತ್ರೆಯವರು 19.4 ತಿಂಗಳು, ಹಳೇ ಕೀಮೋದವರು 25.4 ತಿಂಗಳು. ಅಂದ್ರೆ ಹಳೇದೇ ಮೇಲು. 2022ರಲ್ಲಿ ಕಂಪನಿಗಳು ಒಂದೊಂದಾಗಿ ಆ ಉಪಯೋಗವನ್ನ ವಾಪಸ್ ತಗೊಂಡವು. ಅಷ್ಟು ಹೊತ್ತಿಗೆ ಎಷ್ಟು ಮಂದಿ ಆ ಮಾತ್ರೆ ನುಂಗಿದ್ದರೋ! "ಸುಲಭ, ಮನೆಯಲ್ಲೇ ತಗೋಬಹುದು, ಕೂದಲೂ ಉದುರಲ್ಲ" ಅಂತ ಸಂತೋಷವಾಗೇ ನುಂಗಿರ್ತಾರೆ. ಅದಕ್ಕೇ ನಾನು ಹೇಳೋದು, ಮೊದಲ ಗಡಿಯಾರ ನೋಡಿ ಲೈಸೆನ್ಸ್ ಕೊಡೋದಾದ್ರೆ ಕೊಡಲಿ, ಆದ್ರೆ ಎರಡನೇ ಗಡಿಯಾರ ನೋಡಿ ಮುಗಿಸೋ ತನಕ ಡಬ್ಬಿಯ ಮೇಲೆ "ಇದರಿಂದ ಆಯಸ್ಸು ಹೆಚ್ಚುತ್ತೆ ಅಂತ ಇನ್ನೂ ಗೊತ್ತಿಲ್ಲ" ಅಂತ ದಪ್ಪ ಅಕ್ಷರದಲ್ಲಿ ಬರೆಯೋಕೆ ಏನು ಅಡ್ಡಿ? ಸಿಗರೇಟ್ ಪ್ಯಾಕಿನ ಮೇಲೆ ಬರೆಯೋಕಾಗುತ್ತೆ ಅಂದ್ರೆ ಇದಕ್ಕೂ ಆಗಬೇಕು.

ಈಚೆಗೆ ಮತ್ತೆ ಕೀಮೋ ಜೊತೆ ಸೇರಿಸೋ ಕಾಲ ಬಂದಿದೆ. ರೋಗನಿರೋಧಕ ಶಕ್ತಿಯನ್ನ ಎಬ್ಬಿಸೋ ಮದ್ದುಗಳು ಶ್ವಾಸಕೋಶ, ಚರ್ಮದ ಕ್ಯಾನ್ಸರಿನಲ್ಲಿ ಗೆದ್ದ ಮೇಲೆ ಇಲ್ಲೂ ತಂದರು. ಅವೆಲುಮಾಬ್, ಅಟೆಜೊಲಿಜುಮಾಬ್ ಎರಡೂ ಮೊದಲ ಸಾಲಿನಲ್ಲಿ ಸೋತವು. ಇನ್ನು ಇದು ಅಂಡಾಶಯಕ್ಕೆ ಆಗಿಬರಲ್ಲ ಅಂತ ಎಲ್ಲರೂ ಕೈಬಿಡೋ ಹೊತ್ತಿಗೆ, 2025ರಲ್ಲಿ, ಪ್ಲಾಟಿನಂಗೆ ಬಗ್ಗದ ಕಾಯಿಲೆಗೆ ವಾರವಾರದ ಟ್ಯಾಕ್ಸಾಲ್ ಜೊತೆ ಪೆಂಬ್ರೊಲಿಜುಮಾಬ್ ಸೇರಿಸಿದ ಟ್ರಯಲ್ ಗೆದ್ದಿತು. ಗಡ್ಡೆಯಲ್ಲಿ ಪಿಡಿ-ಎಲ್1 ಗುರುತು ಇದ್ದವರಲ್ಲಿ ಆಯಸ್ಸು ಸುಮಾರು 14 ತಿಂಗಳಿಂದ 18ಕ್ಕೆ ಏರಿತು. ಅದೇ ವರ್ಷ ರೆಲಾಕೋರಿಲಾಂಟ್ ಅನ್ನೋ ಮಾತ್ರೆ. ಇದು ಒತ್ತಡದ ಹಾರ್ಮೋನ್ ಕಾರ್ಟಿಸೋಲ್‌ನ ಕೆಲಸವನ್ನ ತಡೆದು ಕೀಮೋಗೆ ದಾರಿ ಸುಗಮ ಮಾಡುತ್ತೆ ಅನ್ನೋ ಲೆಕ್ಕಾಚಾರ. 381 ಹೆಂಗಸರು. ಸ್ಕ್ಯಾನ್ ಗಡಿಯಾರದಲ್ಲಿ ಒಂದೇ ತಿಂಗಳ ವ್ಯತ್ಯಾಸ, 5.5 ಇದ್ದಿದ್ದು 6.5. ಆದ್ರೆ ಆಯಸ್ಸಿನ ಮಧ್ಯಂತರ ಲೆಕ್ಕದಲ್ಲಿ 11.5 ತಿಂಗಳು ಇದ್ದಿದ್ದು ಸುಮಾರು 16. ನೋಡಿ, ಇಲ್ಲಿ ಉಲ್ಟಾ! ಮೊದಲ ಗಡಿಯಾರ ಸಣ್ಣ ಲಾಭ ತೋರಿಸಿದರೆ ಎರಡನೆಯದು ದೊಡ್ಡದು ತೋರಿಸಿತು. ಅದಕ್ಕೇ ಎರಡನ್ನೂ ನೋಡದೇ ಬಾಯಿ ಬಿಡಬಾರದು ಅನ್ನೋದು.

ಈಗ ಬೇರೆ ವಿಷಯಕ್ಕೆ ಬರ್ತೀನಿ, ನನಗೆ ಹೆಚ್ಚು ಕಾಡೋ ವಿಷಯ. ಈ ಸಾಲುಗಳಲ್ಲಿ ನಮ್ಮ ಹೆಂಗಸರು ಎಲ್ಲಿ?

ಜಪಾನಿನಲ್ಲಿ 2009ರಲ್ಲಿ ಒಂದು ಟ್ರಯಲ್ ಬಂತು. ಹೊಸ ಮದ್ದೇನಿಲ್ಲ, ಅದೇ ಎರಡು. ಟ್ಯಾಕ್ಸಾಲನ್ನ ಮೂರು ವಾರಕ್ಕೊಮ್ಮೆ ಕೊಡೋ ಬದಲು ವಾರವಾರ ಕೊಟ್ಟರು ಅಷ್ಟೇ. ಕಾಯಿಲೆ ಮರಳೋದು 17.2 ತಿಂಗಳಿಂದ 28 ತಿಂಗಳಿಗೆ ಹೋಯ್ತು. ಜಗತ್ತು ಬೆರಗಾಯ್ತು. ಅದನ್ನೇ ಬ್ರಿಟನ್ನಿನಲ್ಲಿ 1,500ಕ್ಕೂ ಹೆಚ್ಚು ಹೆಂಗಸರ ಮೇಲೆ ಮಾಡಿ ನೋಡಿದರು, ಬಹುಪಾಲು ಯುರೋಪಿನ ಮೂಲದವರು, 2019ರ ಫಲಿತಾಂಶ: ವ್ಯತ್ಯಾಸ ಇಲ್ಲ. ಮೈಗುಣವೋ, ಗಡ್ಡೆಯ ಬಗೆಯೋ, ಔಷಧಿಯನ್ನ ದೇಹ ಅರಗಿಸಿಕೊಳ್ಳೋ ರೀತಿಯೋ, ಇವತ್ತಿಗೂ ವಾದ ನಡೀತಿದೆ. ಹಾಗಾದ್ರೆ ಹಾಸನದ, ಹುಬ್ಬಳ್ಳಿಯ, ಕಲಬುರಗಿಯ ಹೆಂಗಸಿನ ಮೈ ಯಾವ ಕಡೆ ಸೇರುತ್ತೆ, ಜಪಾನಿನ ಕಡೆಗೋ ಬ್ರಿಟನ್ ಕಡೆಗೋ? ಆ ಟ್ರಯಲ್‌ಗಳಲ್ಲಿ ಆಕೆ ಇರಲಿಲ್ಲ. ಅಮೆರಿಕಾದ ಟ್ರಯಲ್‌ಗಳಲ್ಲಿ ಬಹುಪಾಲು ಬಿಳಿಯರೇ. ಇಲ್ಲಿ ಇಷ್ಟು ಲಕ್ಷ ಭಾರತೀಯರಿದ್ದೀವಿ, ನಮ್ಮ ಸಂಘಗಳು ಯುಗಾದಿ ಊಟಕ್ಕೆ ಸಾವಿರ ಜನ ಸೇರಿಸ್ತವೆ, ಆದ್ರೆ ಟ್ರಯಲ್ ಅಂದ ತಕ್ಷಣ "ಅಯ್ಯೋ ನಮ್ಮಮ್ಮನ್ನ ಇಲಿ ಮಾಡ್ಬೇಡಿ" ಅಂತಾರೆ. ಓದಿದವರೇ.

ಆ ಭಯಕ್ಕೆ ಕಾರಣ ಇಲ್ಲದೇ ಇಲ್ಲ. 2009-10ರಲ್ಲಿ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಲಸಿಕೆಯ ಯೋಜನೆ ನಡೆದಾಗ ಹಾಸ್ಟೆಲ್ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ವಾರ್ಡನ್‌ಗಳೇ ಸಹಿ ಹಾಕಿದ್ದು ಸಂಸತ್ತಿನ ಸಮಿತಿಯವರೆಗೂ ಹೋಯ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಟ್ರಯಲ್‌ಗಳ ಮೇಲೆ ಗರಂ ಆಯ್ತು. ಅದರ ಫಲವಾಗಿ 2019ರ ಹೊಸ ನಿಯಮಗಳು ಬಂದವು. ಟ್ರಯಲ್‌ನಿಂದ ತೊಂದರೆ ಆದ್ರೆ ಚಿಕಿತ್ಸೆ, ಪರಿಹಾರ, ನೈತಿಕ ಸಮಿತಿಗಳ ನೋಂದಣಿ, ಎಲ್ಲಾ ಇದೆ. ಭಾರತದಲ್ಲಿ ನಡೆಯೋ ಟ್ರಯಲ್‌ಗಳ ಪಟ್ಟಿ, ಸಿಟಿಆರ್‌ಐ ಅಂತ, ಯಾರು ಬೇಕಾದ್ರೂ ಇಂಟರ್ನೆಟ್ಟಿನಲ್ಲಿ ನೋಡಬಹುದು. ಇನ್ನೊಂದು ಮಾತು ಎಲ್ಲರಿಗೂ ಗೊತ್ತಿರಬೇಕು. ಈ ಥರದ ಟ್ರಯಲ್‌ನಲ್ಲಿ "ಹುಸಿಮದ್ದಿನ ಗುಂಪು" ಅಂದ್ರೆ ಬರೀ ಸಕ್ಕರೆ ಮಾತ್ರೆ ಕೊಟ್ಟು ಸಾಯೋಕೆ ಬಿಡೋದಲ್ಲ. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಸಿಗುತ್ತೆ, ಹೊಸದು ಮಾತ್ರ ಕೆಲವರಿಗೆ. ಮತ್ತು ಹೊಸದು ಸಿಕ್ಕವರೇ ಅದೃಷ್ಟವಂತರು ಅಂತೇನೂ ಇಲ್ಲ, ಮೇಲೆ ನೋಡಿದ್ರಲ್ಲ.

ಆದ್ರೆ ನಿಯಮಕ್ಕಿಂತ ದೊಡ್ಡ ಅಡ್ಡಿ ನಮ್ಮ ಮನೆಯೊಳಗೇ ಇದೆ. ನಮ್ಮ ದೊಡ್ಡಮ್ಮನಿಗೆ ಇದೇ ಕಾಯಿಲೆ ಆಗಿತ್ತು. ಮಗ, ಅಂದ್ರೆ ನಮ್ಮಣ್ಣ, ಡಾಕ್ಟರ ಹತ್ತಿರ ಮೊದಲೇ ಹೋಗಿ ಕೈಮುಗಿದು "ಅಮ್ಮಂಗೆ ಹೇಳ್ಬೇಡಿ ಸಾರ್" ಅಂತ ಹೇಳಿಬಂದಿದ್ದ. ಅವರಿಗೆ "ಹೊಟ್ಟೇಲಿ ಗಡ್ಡೆ, ನೀರ್ಗಂಟು" ಅಂತ ಹೇಳಿದ್ದರು. ಆರು ಕೀಮೋ ಆಯ್ತು, ತಲೆ ಬೋಳಾಯ್ತು, ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರೆಲ್ಲಾ ಕ್ಯಾನ್ಸರ್ ಕ್ಯಾನ್ಸರ್ ಅಂತ ಮಾತಾಡ್ತಿದ್ದರು, ಆದ್ರೆ ನಮ್ಮ ಮನೆಯಲ್ಲಿ ಅದು ನೀರ್ಗಂಟೇ. ನಾನು ರಜಕ್ಕೆ ಹೋದಾಗ ಯಾರೂ ಇಲ್ಲದ ಹೊತ್ತು ನೋಡಿ ದೊಡ್ಡಮ್ಮ ನನ್ನ ಕೈಹಿಡಿದು ಕೇಳಿದರು, "ನೀನು ಇದೇ ಕೆಲ್ಸ ಮಾಡೋದಂತಲ್ಲ ಮಗ. ನನ್ನಂಥೋರು ಎಷ್ಟು ದಿನ ಇರ್ತಾರೆ?" ಅವರಿಗೆ ಎಲ್ಲಾ ಗೊತ್ತಿತ್ತು. ಮಗನಿಗೆ ಬೇಜಾರಾಗಬಾರದು ಅಂತ ಗೊತ್ತಿಲ್ಲದ ಹಾಗೆ ಇದ್ದರು. ಅವರು ಗೊತ್ತಿಲ್ಲದ ಹಾಗಿರೋದನ್ನ ನೋಡಿ ಅಣ್ಣ ಸಮಾಧಾನವಾಗಿದ್ದ. ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ, ನಡುಲೆಕ್ಕ ಅಂದ್ರೆ ಅರ್ಧ ಜನ ಅದಕ್ಕಿಂತ ಜಾಸ್ತಿ ಇರ್ತಾರೆ ಅನ್ನೋದನ್ನೂ ಸೇರಿಸಿ. "ಸರಿ ಬಿಡು, ಅಷ್ಟರಲ್ಲಿ ತೋಟದ ಪಾಲು ಮುಗಿಸ್ಬೋದು" ಅಂದರು. ಮುಗಿಸಿದರು ಕೂಡ.

ಇಂಥ ಮನೆಗಳಲ್ಲಿ ಟ್ರಯಲ್ ಹೇಗೆ ಆಗಬೇಕು ಹೇಳಿ? ಒಪ್ಪಿಗೆ ಪತ್ರದ ಮೊದಲನೇ ಸಾಲಿನಲ್ಲೇ ಕಾಯಿಲೆಯ ಹೆಸರು ಇರುತ್ತೆ. ರೋಗಿಗೆ ಹೇಳದೇ ರೋಗಿಯ ಒಪ್ಪಿಗೆ ಪಡೆಯೋಕಾಗಲ್ಲ. ಡಾಕ್ಟರುಗಳು ಈ ತಾಪತ್ರಯವೇ ಬೇಡ ಅಂತ ಇಂಥವರನ್ನ ಕೇಳೋದೇ ಇಲ್ಲ. ಹಾಗೆ ಒಂದು ದೇಶದ ಅರ್ಧ ಹೆಂಗಸರು ಲೆಕ್ಕದಿಂದಲೇ ಬಿಟ್ಟುಹೋಗ್ತಾರೆ. ಬಿಆರ್‌ಸಿಎ ಪರೀಕ್ಷೆಯೂ ಅಷ್ಟೇ. ಅದು ತಾಯಿಯ ಪರೀಕ್ಷೆ ಅಷ್ಟೇ ಅಲ್ಲ, ಹೆಣ್ಣುಮಕ್ಕಳದ್ದೂ, ಗಂಡುಮಕ್ಕಳದ್ದೂ. "ಹೆಣ್ಣು ನೋಡೋಕೆ ಬರೋರಿಗೆ ಗೊತ್ತಾದ್ರೆ?" ಅನ್ನೋ ಒಂದು ಮಾತಿಗೆ ಆ ಪರೀಕ್ಷೆ ಎಷ್ಟು ಮನೆಗಳಲ್ಲಿ ನಿಂತಿದೆಯೋ. ತಾಯಿಗೆ ಸರಿಹೊಂದೋ ಮಾತ್ರೆ ಇದೆಯೋ ಇಲ್ಲವೋ ಅಂತ ತಿಳಿಯೋದೂ ಅದೇ ಪರೀಕ್ಷೆಯಿಂದ ಅನ್ನೋದನ್ನ ಯಾರಾದ್ರೂ ಆ ಮನೆಯವರಿಗೆ ಕೂರಿಸಿ ಹೇಳಬೇಕು.

ಇನ್ನು ದುಡ್ಡಿನ ವಿಷಯ. 2023ರಲ್ಲಿ ಅಮೆರಿಕಾದಲ್ಲಿ ಒಂದು ವಿಚಿತ್ರ ನಡೆಯಿತು. ಸಿಸ್‌ಪ್ಲಾಟಿನ್, ಕಾರ್ಬೋಪ್ಲಾಟಿನ್ ಸಿಗದ ಹಾಗಾಯ್ತು! ಅಹಮದಾಬಾದ್ ಹತ್ತಿರದ ಒಂದು ಕಾರ್ಖಾನೆಯಲ್ಲಿ 2022ರ ನವೆಂಬರಿನಲ್ಲಿ ಎಫ್‌ಡಿಎ ತಪಾಸಣೆ ನಡೆದು, ಗುಣಮಟ್ಟದ ದಾಖಲೆಗಳಲ್ಲಿ ತೊಡಕು ಕಂಡು, ಉತ್ಪಾದನೆ ನಿಂತಿತು. ಅಮೆರಿಕಾದ ಸಿಸ್‌ಪ್ಲಾಟಿನ್‌ನ ಹೆಚ್ಚುಕಡಿಮೆ ಅರ್ಧ ಅಲ್ಲಿಂದಲೇ ಬರ್ತಿತ್ತು. ಇಲ್ಲಿನ ದೊಡ್ಡ ಕ್ಯಾನ್ಸರ್ ಕೇಂದ್ರಗಳನ್ನ ಕೇಳಿದಾಗ 93% ಕಡೆ ಕಾರ್ಬೋಪ್ಲಾಟಿನ್ ಕೊರತೆ, 70% ಕಡೆ ಸಿಸ್‌ಪ್ಲಾಟಿನ್ ಕೊರತೆ. ಕೋಟಿಗಟ್ಟಲೆ ಡಾಲರಿನ ಹೊಸ ಮದ್ದುಗಳನ್ನ ಯಾವುದರ ಜೊತೆ ಸೇರಿಸಿ ನೋಡ್ತಾರೋ ಆ ತಳಪಾಯದ ಮದ್ದೇ ಖಾಲಿ. ಕಾರಣ ಏನು? ಅಗ್ಗ. ಅಗ್ಗದ ಮದ್ದು ತಯಾರಿಸೋಕೆ ಯಾರಿಗೂ ಉತ್ಸಾಹ ಇಲ್ಲ, ಇಬ್ಬರು ಮೂವರ ಮೇಲೆ ಇಡೀ ದೇಶ ನೇತಾಡ್ತಿರುತ್ತೆ.

ಹೊಸ ಜೋಡಿಗಳನ್ನ ಪರೀಕ್ಷೆ ಮಾಡೋ ದುಡ್ಡು ಬಹುಪಾಲು ಕಂಪನಿಗಳದ್ದು. ಅದರಲ್ಲಿ ತಪ್ಪೇನಿಲ್ಲ, ನನ್ನ ಸಂಬಳವೂ ಅಲ್ಲಿಂದಲೇ. ಆದ್ರೆ ಕಂಪನಿ ಕೇಳೋ ಪ್ರಶ್ನೆ ಯಾವಾಗಲೂ ಒಂದೇ, "ನಮ್ಮದನ್ನೂ ಸೇರಿಸಿದ್ರೆ?" ಅಂತ. "ಅರ್ಧ ಡೋಸ್ ಸಾಕಾ? ಎರಡು ವರ್ಷದ ಬದಲು ಒಂದು ವರ್ಷ ಸಾಕಾ? ಇವರಿಗೆ ಬೇಡವೇ ಬೇಡವಾ?" ಅನ್ನೋದನ್ನ ಕಂಪನಿ ಯಾಕೆ ಕೇಳುತ್ತೆ? ಅದನ್ನ ಕೇಳಬೇಕಾದ್ದು ಸರ್ಕಾರದ ದುಡ್ಡು, ಸರ್ಕಾರದ ಆಸ್ಪತ್ರೆಗಳು. ಆಗುತ್ತೆ ಅನ್ನೋದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಮುಂಬೈನ ಟಾಟಾ ಮೆಮೋರಿಯಲ್‌ನವರು ಬಾಯಿ-ಗಂಟಲಿನ ಕ್ಯಾನ್ಸರಿಗೆ ನಿವೊಲುಮಾಬ್ ಅನ್ನೋ ದುಬಾರಿ ಮದ್ದನ್ನ ಮಾಮೂಲಿ ಡೋಸಿನ ಹತ್ತನೇ ಒಂದಕ್ಕಿಂತ ಕಡಿಮೆ, ಬರೀ 20 ಮಿಲಿಗ್ರಾಂ, ಅಗ್ಗದ ಮಾತ್ರೆ-ಕೀಮೋ ಜೊತೆ ಸೇರಿಸಿ 151 ಜನರ ಮೇಲೆ ಟ್ರಯಲ್ ಮಾಡಿದರು. ವರ್ಷದ ನಂತರ ಬದುಕಿದ್ದವರು 16.3% ಇದ್ದಿದ್ದು 43.4% ಆಯ್ತು. 2022ರಲ್ಲಿ ಪ್ರಕಟವಾದಾಗ ಇಲ್ಲಿನ ಡಾಕ್ಟರುಗಳೂ ಬಾಯಿಬಿಟ್ಟು ನೋಡಿದರು. ಅದು ಬೇರೆ ಕ್ಯಾನ್ಸರ್, ಒಪ್ಪಿದೆ. ಅಂಡಾಶಯಕ್ಕೆ ಪೆಂಬ್ರೊಲಿಜುಮಾಬ್ ಗೆದ್ದಿರೋ ಈ ಹೊತ್ತಿನಲ್ಲಿ ಅದೇ ಪ್ರಶ್ನೆಯನ್ನ ಇದಕ್ಕೂ ಕೇಳಬೇಕಾದವರು ಮುಂಬೈ, ಬೆಂಗಳೂರು, ಚೆನ್ನೈನವರೇ. ಬಾಸ್ಟನ್ನಿನವರು ಖಂಡಿತಾ ಕೇಳಲ್ಲ, ಅವರಿಗೆ ಅದರ ಜರೂರಿಲ್ಲ. ಇಲ್ಲಿನ ಕನ್ನಡ ಸಂಘಗಳು ಊರಿನ ಆಸ್ಪತ್ರೆಗಳಿಗೆ ಸ್ಕ್ಯಾನಿಂಗ್ ಮೆಷಿನ್ ಕೊಡಿಸಿ ಗೋಡೆ ಮೇಲೆ ಹೆಸರು ಕೆತ್ತಿಸೋದು ಇದೆ, ಒಳ್ಳೇದೇ. ಒಂದು ಸಲ ಆ ದುಡ್ಡಲ್ಲಿ ಇಂಥ ಟ್ರಯಲ್ ಒಂದಕ್ಕೆ ಇಬ್ಬರು ನರ್ಸುಗಳ, ಲೆಕ್ಕ ಇಡೋ ಒಬ್ಬ ಹುಡುಗನ ಮೂರು ವರ್ಷದ ಸಂಬಳ ಕೊಟ್ಟು ನೋಡಬಹುದು. ಗೋಡೆ ಮೇಲೆ ಹೆಸರು ಬರೋದಿಲ್ಲ ಅನ್ನೋದೊಂದೇ ತೊಂದರೆ.